ಐಪಿಎಸ್‌ನಿಂದ ರಾಯಭಾರಿ: ರಿಬೇರೊ ಹೋದ ದಾರಿ ಈಗಲೂ ಐತೇನ್ರಿ?

ಸಪ್ತಾಪುರ_ಅಭ್ಯರ್ಥಿ:
ಜೂಲಿಯೊ ರಿಬೇರೊ ಪಂಜಾಬಿನ ಡಿಜಿಪಿ (ರಾಜ್ಯದ ಪೊಲೀಸ್ ಮುಖ್ಯಸ್ಥ) ಆಗಿದ್ದವರು, ಆಮ್ಯಾಲೆ ರೊಮೇನಿಯಾಕ್ಕ ರಾಯಭಾರಿ ಆದ್ರು. ಇದು ನಿಯೋಜನೆಯೋ (ಡೆಪ್ಯುಟೇಶನ್), ಬಡ್ತಿಯೋ? ಐಪಿಎಸ್ ಸಿಕ್ಕರೂ ಮುಂದ ವಿದೇಶಾಂಗದ ಕಡೆ ಹೊರಳಬಹುದು ಅಂತ ಧಾರವಾಡದಾಗ ಭಾಳ ಮಂದಿ ಹೇಳ್ತಾರ. ಖರೇನ್ರಿ?

ಗದಗ_ಓದುಗ:
ಎರಡೂ ಅಲ್ಲ, ಸರ್ಕಾರದ ನೇರ ನೇಮಕ. ಲೆಕ್ಕ ನೋಡ್ರಿ: ಹುಟ್ಟಿದ್ದು 1929, ಐಪಿಎಸ್ ಸೇರಿದ್ದು 1953, ಮಹಾರಾಷ್ಟ್ರ ಕೇಡರ್. 1982ರಾಗ ಮುಂಬೈ ಕಮಿಷನರ್ ಆದ್ರು, ಅದೇ ವರ್ಷ ಅಲ್ಲಿ ಪೊಲೀಸರ ಮುಷ್ಕರ. ಮುಂದ ಸಿಆರ್‌ಪಿಎಫ್, ಗುಜರಾತ್, 1986ಕ್ಕ ಪಂಜಾಬ್. ರೊಮೇನಿಯಾಕ್ಕ ಹೋಗಿದ್ದು 1989ರಾಗ, ಅಂದ್ರ 60 ತುಂಬಿದ ವರ್ಷ. ಆಗ ನಿವೃತ್ತಿ ವಯಸ್ಸು 58, ಅದು 60 ಆಗಿದ್ದು 1998ರಾಗ. ಸೇವೆಯೊಳಗಿನ ನಿಯೋಜನೆ ಆಗಿದ್ರ ಈ ಲೆಕ್ಕ ಕೂಡಂಗಿಲ್ಲ.

ಹುಬ್ಬಳ್ಳಿ_ವಿದೇಶಾಂಗ:
ಸರ್ಕಾರ ಹೆಸರು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 4ನೇ ವಿಧಿಯಂತೆ, ಹೋಗಬೇಕಾದ ದೇಶ ಮೊದಲು ಒಪ್ಪಬೇಕು. ಬೇಡವೆಂದರೆ ಕಾರಣ ಕೊಡಬೇಕಾಗಿಲ್ಲ. ಹಾಗಾಗಿ ಈ ಮಾತುಕತೆ ಗುಟ್ಟಾಗಿ ನಡೆಯುತ್ತದೆ, ಒಪ್ಪಿಗೆ ಬಂದ ಮೇಲೆ ಹೆಸರು ಹೊರಬೀಳುತ್ತದೆ. ಮೊದಲೇ ಸಾರಿದರೆ ಪಜೀತಿ: 2015ರಲ್ಲಿ ಇಸ್ರೇಲ್ ಬ್ರೆಜಿಲ್‌ಗೆ ರಾಯಭಾರಿಯಾಗಿ ಡಾನಿ ದಯಾನ್ ಹೆಸರು ಘೋಷಿಸಿತು, ಬ್ರೆಜಿಲ್ ತುಟಿ ಬಿಚ್ಚಲಿಲ್ಲ. ಕೊನೆಗೆ ಅವರನ್ನು ನ್ಯೂಯಾರ್ಕ್‌ಗೆ ಕಾನ್ಸುಲ್ ಜನರಲ್ ಮಾಡಿ ಕಳಿಸಬೇಕಾಯಿತು. ಒಪ್ಪಿಗೆಯ ನಂತರ ನಮ್ಮ ರಾಷ್ಟ್ರಪತಿಗಳ ಸಹಿಯುಳ್ಳ ಅಧಿಕಾರಪತ್ರವನ್ನು ಅಲ್ಲಿನ ಅಧ್ಯಕ್ಷರ ಕೈಗೆ ಕೊಡುವ ಶಾಸ್ತ್ರ.

ಸಪ್ತಾಪುರ_ಅಭ್ಯರ್ಥಿ:
ಪಂಜಾಬಿನ ಖಲಿಸ್ತಾನಿ ಉಗ್ರರ ಅಪಾಯದಿಂದ ದೂರ ಇರ್ಲಿ ಅಂತ ಕಳಿಸಿದ್ರು ಅಂತಾರಲ್ರಿ?

ಗದಗ_ಓದುಗ:
ಅಂತಾರ ಖರೆ, ಆದ್ರ ದೂರ ಏನೂ ಆಗ್ಲಿಲ್ಲ. 1986ರ ಅಕ್ಟೋಬರ್‌ನಾಗ ಜಲಂಧರದಾಗ, ಪೊಲೀಸ್ ನೆಲೆಯ ಒಳಗs, ಪೊಲೀಸ್ ಬಟ್ಟಿ ತೊಟ್ಟವರು ಅವರ ಮ್ಯಾಲೆ ಗುಂಡು ಹಾರಿಸಿದ್ರು. 1991ರ ಆಗಸ್ಟ್‌ನಾಗ ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನಾಗೂ ದಾಳಿ, ಗಾಯ ಆತು. ಕತಿ ಅಲ್ಲಿಗೇ ನಿಲ್ಲಲಿಲ್ಲ: ಅಕ್ಟೋಬರ್‌ನಾಗ ದಿಲ್ಲಿಯೊಳಗ ರೊಮೇನಿಯಾದ ರಾಜತಾಂತ್ರಿಕ ಲಿವಿಯು ರಾಡು ಅವರನ್ನ ಉಗ್ರರು ಅಪಹರಿಸಿದ್ರು, ನವೆಂಬರ್‌ನಾಗ ಬಿಟ್ರು. ರಾಯಭಾರಿ ಮೈಗೆ ಧಕ್ಕಿ ಆಗದಂಗ ನೋಡ್ಕೊಳ್ಳೋದು ಅವರಿರೋ ದೇಶದ ಹೊಣೆ, ಅದೇ ವಿಯೆನ್ನಾ ಒಪ್ಪಂದದ 29ನೇ ವಿಧಿ ಓದ್ರಿ. ಯುಪಿಎಸ್‌ಸಿ ಸಂದರ್ಶನಕ್ಕ ಇದು ಡಿಜಿಪಿ ಹುದ್ದೆಗಳ ಪಟ್ಟಿಗಿಂತ ಹೆಚ್ಚು ಉಪಯೋಗ.

ಹಾವೇರಿ_ಸಿವಿಲ್ಸ್:
ಐಪಿಎಸ್‌ನಿಂದ ವಿದೇಶಾಂಗದ ಕಡೆ ಹೊರಳಬಹುದೇನು ಅನ್ನೋ ನಿಮ್ಮ ಪ್ರಶ್ನೆಗೆ ಬರ್ತೀನಿ. ಐಪಿಎಸ್‌ನವರು ಐಬಿ, ರಾ ಅನ್ನೋ ಗುಪ್ತಚರ ಸಂಸ್ಥೆಗಳ ಮೂಲಕ ದೂತಾವಾಸಗಳಾಗ ಕೆಲಸ ಮಾಡ್ತಾರ, ಆದ್ರ ಅದು ರಾಯಭಾರಿ ಕುರ್ಚಿ ಅಲ್ಲ. ಆ ಕುರ್ಚಿಗೆ ಅರ್ಜಿ ಇಲ್ಲ, ಸೇವಾಜ್ಯೇಷ್ಠತೆ ಪಟ್ಟಿ ಇಲ್ಲ. ಪ್ರಧಾನಿಗೆ ಬೇಕನಿಸಿದವರು ಹೋಗ್ತಾರ. ಅದನ್ನ ನಂಬಿ ಇಡೀ ನೌಕರಿ ಕಾಯೋದು ಹುಚ್ಚುತನ. ರಾಜತಾಂತ್ರಿಕತೆನೇ ಬೇಕಂದ್ರ ಸೇವೆಗಳ ಆದ್ಯತೆ ಕೇಳಿದಾಗ ಐಎಫ್‌ಎಸ್ (ವಿದೇಶಾಂಗ ಸೇವೆ) ಮೊದಲ ಸಾಲಿನಾಗ ಬರೀರಿ. ಮಂದಿ ಐಎಎಸ್, ಐಪಿಎಸ್ ಬರದು ಐಎಫ್‌ಎಸ್ ಮೂರನೇದಕ್ಕ ಇಡ್ತಾರ, ಆಮ್ಯಾಲೆ ರ‍್ಯಾಂಕ್ ಐಪಿಎಸ್‌ಗೆ ತಾಗಿದ್ರ ಐಎಫ್‌ಎಸ್ ತನಕ ಹೆಸರು ಇಳಿಯಂಗೇ ಇಲ್ಲ. ಇನ್ನೊಂದು, ಐಎಫ್‌ಎಸ್‌ನಾಗ ಒಂದು ವಿದೇಶಿ ಭಾಷೆ ಕಡ್ಡಾಯ, ಅದರ ಪರೀಕ್ಷೆ ಪಾಸಾಗದ ನೌಕರಿ ಕಾಯಂ ಆಗಂಗಿಲ್ಲ. ಐಪಿಎಸ್ ಸಿಕ್ಕ ಮ್ಯಾಲೆ ಮತ್ತ ಪರೀಕ್ಷೆ ಬರೆಯೋ ನಿಯಮ ಬದಲಾಗ್ತಿರ್ತೈತಿ. ಆ ವರ್ಷದ ಯುಪಿಎಸ್‌ಸಿ ಅಧಿಸೂಚನೆ ನೋಡ್ರಿ, ಹಳೇ ನೋಟ್ಸ್ ಅಲ್ಲ.