‘ಪುಲ್’ ಎಂಬ ಕೂಗಿಗೆ ‘ಎಳೆ’ ಸರಿಹೋಗುತ್ತದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಹಾರುವ ಬಿಲ್ಲೆಗೆ ಕೋವಿಯಿಂದ ಹೊಡೆಯುವ ಟ್ರ್ಯಾಪ್, ಸ್ಕೀಟ್ ಆಟಗಳನ್ನು ಹೊಸದಾಗಿ ಕಲಿಯುವವರಿಗೆಂದು ಕ್ಲಬ್ಬಿಗೆ ಕನ್ನಡದಲ್ಲಿ ಸೂಚನೆಗಳನ್ನು ಬರೆಯುತ್ತಿದ್ದೇನೆ. ಒಂದೇ ಒಂದು ಕೂಗಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಉಳಿದವು ಅಷ್ಟು ಕಾಡಲಿಲ್ಲ. ‘ಕ್ಲೇ ಪಿಜನ್’ ಎಂಬುದಕ್ಕೆ ‘ಮಣ್ಣಿನ ಪಾರಿವಾಳ’ ಬೇಡವೆಂದು ‘ಬಿಲ್ಲೆ’ ಎಂದೇ ಬರೆದೆ. ಬೋರಲು ಹಾಕಿದ ಪುಟ್ಟ ತಟ್ಟೆಯಂತಿರುವ ಅದರ ಅಗಲ 110 ಮಿ.ಮೀ., ತೂಕ 105 ಗ್ರಾಂ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಪಿಚ್ಚಿನಲ್ಲಿ ಕಲಸಿ ಅಚ್ಚು ಹಾಕಿದ್ದು. ಅದರಲ್ಲಿ ಜೇಡಿಮಣ್ಣೂ ಇಲ್ಲ, ಹಕ್ಕಿಯೂ ಇಲ್ಲ. ಕಾರ್ಟ್ರಿಜ್ಜಿಗೆ ‘ತೋಟಾ’, ಅದರೊಳಗಿನ ಸಣ್ಣ ಸೀಸದ ಕಾಳುಗಳಿಗೆ ‘ಚರೆ’ ಇದ್ದೇ ಇವೆ. ‘ಹಿಟ್’ ಎಂಬುದಕ್ಕೆ ಮೊದಲು ‘ತಾಗಿತು’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಚರೆ ತಾಗಿ ಬರೀ ಧೂಳೆದ್ದರೆ ಅಂಕವಿಲ್ಲ, ಕಣ್ಣಿಗೆ ಕಾಣುವಂತೆ ಒಂದು ಚೂರಾದರೂ ಹಾರಲೇಬೇಕು. ಹಾಗಾಗಿ ‘ಒಡೆಯಿತು’. ಈ ಪದ ನಿಯಮವನ್ನೂ ತನ್ನೊಳಗೇ ಹೇಳಿಬಿಡುತ್ತದೆ.

ಸಿಕ್ಕಿಬಿದ್ದದ್ದು ‘ಪುಲ್’ ಹತ್ತಿರ. ಶೂಟರ್ ಸಿದ್ಧನಾಗಿ ಹೀಗೆ ಕೂಗಿದ ಮೇಲೆ ಯಂತ್ರದಿಂದ ಬಿಲ್ಲೆ ಹಾರುತ್ತದೆ. ಕರಡಿನಲ್ಲಿ ‘ಎಳೆ ಎಂದು ಕೂಗಿ’ ಎಂದಿದ್ದೆ. ಓದಿ ಹೇಳಿದಾಗ, ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ‘ಟ್ರಿಗರ್ ಎಳೀಬೇಕಾ ಸರ್?’ ಅಂದಳು. ಅವಳ ತೋರುಬೆರಳು ಆಗಲೇ ಮಡಚಿಕೊಂಡಿತ್ತು. ಕೈಯಲ್ಲಿ ಕೋವಿ ಇರಲಿಲ್ಲ, ಆದರೂ ನನ್ನ ಎದೆ ಝಲ್ಲೆಂದಿತು. ಕೋವಿ ಹಿಡಿದವರ ಕಿವಿಗೆ ‘ಎಳೆ’ ಎಂದರೆ ಕುದುರೆ, ಅಂದರೆ ಟ್ರಿಗರ್, ಎಳೆಯುವುದೇ.

ಆದರೆ ‘ಪುಲ್’ ಶೂಟರಿಗೆ ಹೇಳಿದ ಮಾತೇ ಅಲ್ಲ. ಹಿಂದೆ ಜೀವಂತ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ತೆರೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನ ಸ್ಪರ್ಧೆಯಲ್ಲೂ ಹಾರಿದ್ದು ನಿಜವಾದ ಪಾರಿವಾಳಗಳೇ. ಆ ಪೆಟ್ಟಿಗೆಯಿಂದಲೇ ‘ಟ್ರ್ಯಾಪ್’ ಎಂಬ ಹೆಸರು ಬಂತು, ಆ ಹಗ್ಗ ಹಿಡಿದವನಿಗೆ ಕೊಟ್ಟ ಅಪ್ಪಣೆ ‘ಪುಲ್’. ಈಗ ಹಗ್ಗವಿಲ್ಲ, ಬಟನ್ ಇದೆ, ಎಷ್ಟೋ ಕಡೆ ದನಿ ಕೇಳಿದೊಡನೆ ಯಂತ್ರವನ್ನು ಚಾಲೂ ಮಾಡುವ ಮೈಕೇ ಇದೆ. ಅಂತರರಾಷ್ಟ್ರೀಯ ನಿಯಮವೂ ‘ಪುಲ್’ ಅಥವಾ ಬೇರೊಂದು ಪದ ಎಂದೇ ಹೇಳುತ್ತದೆ. ಕನ್ನಡದಲ್ಲಿ ಕೂಗಲು ಅಡ್ಡಿಯೇನೂ ಇಲ್ಲ.

‘ಬಿಡು’ ಎನ್ನೋಣವೆಂದರೆ, ಗುಂಡನ್ನೂ ಬಿಡುತ್ತೇವೆ, ಸಾಲದ್ದಕ್ಕೆ ‘ಬಿಡು, ಬೇಡ’ ಎಂದೂ ಅನ್ನುತ್ತೇವೆ. ‘ಹಾರಿಸು’ ಅದಕ್ಕಿಂತ ಕಷ್ಟ. ‘ಗುಂಡು ಹಾರಿಸಿದ’ ಎಂದು ದಿನಾ ಪತ್ರಿಕೆಯಲ್ಲಿ ಓದುತ್ತೇವಲ್ಲ. ನನ್ನ ಮನಸ್ಸು ‘ಎಸೆ’ ಕಡೆಗಿದೆ. ಸ್ಪ್ರಿಂಗಿನ ತೋಳು ಬೀಸಿ ಬಿಲ್ಲೆಯನ್ನು ಎಸೆಯುವುದೇ ಅಲ್ಲಿ ನಡೆಯುವ ಕೆಲಸ. ಕೋವಿ ಹಿಡಿದವರು ಎಸೆಯುವಂಥದ್ದು ಏನೂ ಇಲ್ಲ, ಗೊಂದಲಕ್ಕೆ ಎಡೆಯಿಲ್ಲ. ಎರಡೇ ಅಕ್ಷರ, ಉಸಿರು ಬಿಗಿಹಿಡಿದಾಗಲೂ ಬಾಯಿಗೆ ಬರುತ್ತದೆ.

ಒಂದು ಅನುಮಾನ ಮಾತ್ರ ಉಳಿದಿದೆ. ಹಳಗನ್ನಡದಲ್ಲಿ ‘ಎಸು’ ಎಂದರೆ ಬಾಣ ಬಿಡುವುದು. ‘ಎಚ್ಚನು’ ಎಂದರೆ ಬಾಣ ಬಿಟ್ಟನು. ಈ ಅರ್ಥ ಯಾವುದಾದರೂ ಆಡುಮಾತಿನಲ್ಲಿ ಇವತ್ತಿಗೂ ಉಳಿದಿದೆಯೇ? ‘ಎಸೆ’ ಎಂದಾಗ ‘ಹೊಡೆ’ ಎಂದು ಕೇಳಿಸುವ ಕಡೆ ಇದ್ದರೆ ತಿಳಿಸಿ, ಹಾಳೆ ಅಚ್ಚಿಗೆ ಹೋಗುವ ಮೊದಲೇ ಬದಲಿಸುತ್ತೇನೆ.