ಅಪ್‌ಡೇಟ್: ಆನಿ ಮೂರ್ ಟೆಕ್ಸಾಸ್‌ಗೆ ಹೋಗಲೇ ಇಲ್ಲ

ಹೋದ ತಿಂಗಳು ಕೇಳಿದ್ದೆ: 1892ರ ಜನವರಿ 1ರಂದು ನ್ಯೂಯಾರ್ಕ್‌ನ ಎಲ್ಲಿಸ್ ಐಲ್ಯಾಂಡ್‌ನಲ್ಲಿ (ಅಮೆರಿಕಕ್ಕೆ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಕೇಂದ್ರ) ಎಲ್ಲರಿಗಿಂತ ಮೊದಲು ನೋಂದಣಿಯಾದ ಐರ್ಲೆಂಡಿನ ಹುಡುಗಿ ಆನಿ ಮೂರ್ ಆಮೇಲೆ ಏನಾದಳು? ಟೆಕ್ಸಾಸ್‌ಗೆ ಹೋಗಿ, ಅಲ್ಲಿ ಟ್ರಾಮ್ ಬಡಿದು ಸತ್ತಳು ಅಂತ ಓದಿದ್ದೆ.

ಅದು ತಪ್ಪು. ಟೆಕ್ಸಾಸ್‌ನ ಆನಿ ಬೇರೆಯವಳು, ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ. ಜನಗಣತಿಯಲ್ಲೇ ಹಾಗಿತ್ತು, ಆದರೂ ವರ್ಷಗಟ್ಟಲೆ ಯಾರೂ ನೋಡಲಿಲ್ಲ. ಹೆಸರು ಒಂದೇ ಅಂತ ಸುಮ್ನೆ ನಂಬಿಬಿಟ್ಟರು, ನಾನೂ ಸೇರಿ!

ವಂಶಾವಳಿ ಹುಡುಕುವ ಮೇಗನ್ ಸ್ಮೊಲೆನ್ಯಾಕ್ 2006ರಲ್ಲಿ ನಿಜವಾದ ಆನಿಯನ್ನು ಪತ್ತೆ ಮಾಡಿದರು. ನನಗೆ ಜಾಸ್ತಿ ಹಿಡಿಸಿದ್ದು ಅವರು ಹಿಡಿದ ದಾರಿ. ಆನಿ ಜೊತೆ ಹಡಗಿನಲ್ಲಿ ಇಬ್ಬರು ತಮ್ಮಂದಿರೂ ಬಂದಿದ್ದರಲ್ವಾ, ಅವರಲ್ಲಿ ಫಿಲಿಪ್‌ನ ಪೌರತ್ವದ ಕಾಗದ ಸಿಕ್ಕಿತು. ಅಲ್ಲಿಂದ ಮನೆಯವರ ಜಾಡು. ಹೆಣ್ಣುಮಕ್ಕಳ ಹೆಸರು ಮದುವೆ ಆದ ಮೇಲೆ ಬದಲಾಗುತ್ತೆ, ಹಾಗಾಗಿ ತಮ್ಮನನ್ನು ಹಿಡಿದದ್ದು ಜಾಣತನ.

ಆನಿ ನ್ಯೂಯಾರ್ಕ್ ಬಿಟ್ಟು ಹೋಗಲೇ ಇಲ್ಲ. ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟಿನ ಮನೆಗಳಲ್ಲೇ ಬದುಕಿದಳು. ಗಂಡ ಜೋಸೆಫ್ ಶೇಯರ್, ಜರ್ಮನ್ ಮೂಲದವನು. ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು, ದೊಡ್ಡವರಾಗಿ ಉಳಿದವರು ಐದೇ. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1924ರಲ್ಲಿ, ಐವತ್ತರ ಆಸುಪಾಸಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡಳು. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಅವಳ ಸಮಾಧಿಗೆ 2008ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

ತಮ್ಮಂದಿರ ದಾಖಲೆ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.