ಷಟ್ಪದಿ ಕಲಿಸಿದ ಸರ್ ಬಗ್ಗೆ ಎಂತ ಬರೆಯುವುದು?

ಬದಿಯಡ್ಕದವಳು:
ಕಾಸರಗೋಡು ವಿದ್ಯಾನಗರದ ಕಾಲೇಜಿನಲ್ಲಿ ನಮಗೆ ಎಂಎ ಕನ್ನಡ ಪಾಠ ಮಾಡಿದ ಸರ್ ಅವರಿಗೆ ಹಳೇ ವಿದ್ಯಾರ್ಥಿಗಳು ಸೇರಿ ಅಭಿನಂದನ ಗ್ರಂಥ ತರುತ್ತಿದ್ದೇವೆ. ನನ್ನಿಂದಲೂ ಒಂದು ಲೇಖನ ಕೇಳಿದ್ದಾರೆ. ಈಗಾಗಲೇ ಬಂದವನ್ನು ಓದಿದೆ. 'ಜ್ಞಾನದ ಸಾಗರ', 'ಸಜ್ಜನಿಕೆಯ ಮೂರ್ತಿ' ಅಂತ ಯಾರ ಬಗ್ಗೆಯೂ ಹೇಳಬಹುದಾದ ಮಾತೇ ಜಾಸ್ತಿ. ನನಗೆ ಅವರ ಒಂದು ಪಾಠದ ಬಗ್ಗೆ ಬರೆಯಬೇಕೆಂದು ಆಸೆ.

ನಮ್ಮ ಕ್ಲಾಸಿನಲ್ಲಿ ಒಬ್ಬರದ್ದು ಮನೆಮಾತು ತುಳು, ಒಬ್ಬರದ್ದು ಹವ್ಯಕ, ಇನ್ನೊಬ್ಬರದ್ದು ಮಲಯಾಳ, ಕೊಂಕಣಿ. ಛಂದಸ್ಸು ಅಂದರೆ ಎಲ್ಲರಿಗೂ ಹೆದರಿಕೆಯೇ. ಸರ್ ಭಾಮಿನಿ ಷಟ್ಪದಿಯ ಲಕ್ಷಣವನ್ನು ಬೋರ್ಡಿನಲ್ಲಿ ಬರೆಯಲೇ ಇಲ್ಲ. ಬೆರಳಿನ ಗೆಣ್ಣಿನಿಂದ ಮೇಜು ತಟ್ಟಿದರು: ತಕಿಟ ತಕಧಿಮಿ, ತಕಿಟ ತಕಧಿಮಿ. 'ಇದನ್ನು ಎಲ್ಲಿ ಕೇಳಿದ್ದೀರಿ?' ಹಿಂದಿನ ಬೆಂಚಿನಲ್ಲಿ ಯಕ್ಷಗಾನಕ್ಕೆ ಚೆಂಡೆ ಬಾರಿಸುವವರ ಮಗ ಒಬ್ಬನಿದ್ದ, ಬಾಯಿ ಬಿಡುವುದೇ ಅಪರೂಪ. 'ತ್ರಿವುಡೆ ತಾಳ ಸರ್' ಅಂದ. ಮೂರು, ನಾಲ್ಕು, ಮೂರು, ನಾಲ್ಕು, ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿಗೆ ಇನ್ನೊಂದು ತಕಿಟ ತಕಧಿಮಿ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆ, ಒಟ್ಟು 23. ಅವನನ್ನೇ ಎದುರಿಗೆ ಕರೆದು ತಟ್ಟಿಸಿ, ಸರ್ ಅವನ ಬೆಂಚಿನಲ್ಲಿ ಹೋಗಿ ಕೂತು ಪದ್ಯ ಓದಿದರು. ಅಷ್ಟರಲ್ಲಿ ಅವನು ಕೈ ನಿಲ್ಲಿಸಿ, 'ಆದರೆ ಯಕ್ಷಗಾನದ ಆಟದಲ್ಲಿ ಭಾಮಿನಿಯನ್ನು ತಾಳ ಇಲ್ಲದೆ ಬರೀ ರಾಗದಲ್ಲಿ ಹಾಡುವುದಲ್ವಾ ಸರ್?' ಅಂದ. ಸರ್ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 'ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕದವ ಕೇಳಬೇಕಾದ ಪ್ರಶ್ನೆ ಇದು' ಅಂತ ಹೇಳಿ, ಉಳಿದ ಪೀರಿಯಡ್ ಪೂರ್ತಿ ಅದಕ್ಕೇ ಕೊಟ್ಟರು.

ಈಗ ನನ್ನ ಪ್ರಶ್ನೆ. ಮಾತ್ರೆಯ ಲೆಕ್ಕವನ್ನೆಲ್ಲ ಅಭಿನಂದನ ಗ್ರಂಥದಲ್ಲಿ ಹಾಕಬಹುದಾ? ಸರ್ ಮನೆಯವರೂ ಓದುವ ಪುಸ್ತಕ.

ಉಪ್ಪಳದಿಂದ:
ಆ ಹುಡುಗನ ಕಥೆ ಬರೆಯಿರಿ ಅಕ್ಕ, ಲೆಕ್ಕ ಬಿಡಿ. ನಾನು ಬಿಕಾಂ, ಸರ್ ನಮಗೆ ಎರಡನೇ ಭಾಷೆಗೆ ಬರುತ್ತಿದ್ದದ್ದು ಮಾತ್ರ. ನಾನು ಅವರನ್ನು ನೆನೆಯುವುದು ಒಂದು ಅರ್ಜಿಯಿಂದಾಗಿ. ಸ್ಕಾಲರ್‌ಶಿಪ್ ಫಾರಂ ಇದ್ದದ್ದು ಮಲಯಾಳದಲ್ಲಿ, ಅಪ್ಪನಿಗೆ ಓದಲಿಕ್ಕೆ ಬರುವುದಿಲ್ಲ. 'ಇಲ್ಲಿ ಸಹಿ ಹಾಕಿ' ಅಂತ ತೋರಿಸಿದ್ದರೆ ಅಪ್ಪ ಹಾಕುತ್ತಿದ್ದರು. ಸರ್ ಹಾಗೆ ಮಾಡಲಿಲ್ಲ. ಸ್ಟಾಫ್ ರೂಮಿನ ಹೊರಗೆ ಅಪ್ಪನನ್ನು ಕೂರಿಸಿ ಒಂದೊಂದೇ ಸಾಲು ತುಳುವಿನಲ್ಲಿ ಹೇಳಿ, 'ಅರ್ಥ ಆಂಡಾ?' ಅಂತ ಕೇಳಿ, ಮತ್ತೆ ಪೆನ್ನು ಕೊಟ್ಟರು. ಅಪ್ಪ ಸರ್ ಹೆಸರು ಕೇಳಿದರೆ ಈಗಲೂ ಎದ್ದು ಕೂರುತ್ತಾರೆ.

ಮುಳ್ಳೇರಿಯ:
ತಂಗೀ, ನಾನು ನಿನಗಿಂತ ತುಂಬ ಹಿಂದಿನ ಬ್ಯಾಚಿನವ. ಉಪ್ಪಳದವರ ಮಾತು ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಬೇಕೇ ಬೇಕು. ಸರ್ ಒಳ್ಳೆಯವರು ಅನ್ನುವುದು ಊರಿಗೇ ಗೊತ್ತು, ಒಳ್ಳೆಯ ಮೇಷ್ಟ್ರು ಹೇಗೆ ಅನ್ನುವುದು ಪಾಠ ಕೇಳಿದವರು ಬರೆದರೆ ಮಾತ್ರ ಉಳಿಯುವುದು.

ನಮ್ಮನ್ನು ಮಂಜೇಶ್ವರಕ್ಕೆ ಕರೆದುಕೊಂಡು ಹೋಗಿದ್ದರು, ಗೋವಿಂದ ಪೈಗಳ ಮನೆಗೆ. ಪೈಗಳು 1911ರಲ್ಲಿ ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರುವುದು) ಬಿಟ್ಟರು ಅಂತ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಸರ್ ಅಲ್ಲೇ ಜಗಲಿಯಲ್ಲಿ ಕೂರಿಸಿ, 'ಪ್ರಾಸ ಇಟ್ಟು ಆರು ಸಾಲು ಬರೆಯಿರಿ, ಅದೇ ವಿಷಯದ ಬಗ್ಗೆ ಪ್ರಾಸ ಬಿಟ್ಟು ಆರು ಸಾಲು' ಅಂದರು. ನಾನು ಬರೆದದ್ದು ಅಡಿಕೆ ಸುಲಿಯುವುದರ ಬಗ್ಗೆ. ಪ್ರಾಸಕ್ಕಾಗಿ ಎಲ್ಲಿಂದಲೋ 'ಗಡಿಗೆ' ತಂದು ತುರುಕಿದ್ದೆ. ಸರ್ ಪೆನ್ಸಿಲಿನಲ್ಲಿ ಅದರ ಕೆಳಗೆ ಗೆರೆ ಹಾಕಿ, 'ಈ ಗಡಿಗೆ ನಿಮ್ಮ ಅಂಗಳದಲ್ಲಿ ಉಂಟಾ?' ಅಂತ ಬರೆದರು. ಪೈಗಳು ಯಾಕೆ ಬಿಟ್ಟರು ಅಂತ ಆಗ ಗೊತ್ತಾಯಿತು. ನಾನೀಗ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುವವ, ಅವರ ಪುಸ್ತಕ ತಿದ್ದುವುದು ಪೆನ್ಸಿಲಿನಲ್ಲೇ.

ಬದಿಯಡ್ಕದವಳು:
ಅಣ್ಣ, ಲೆಕ್ಕ ಸಮೇತ ಬರೆಯುತ್ತೇನೆ. ಆ ಹುಡುಗ ಈಗ ಮೇಳದಲ್ಲಿದ್ದಾನೆ, ತಾಳದ ಭಾಗವನ್ನು ಅವನಿಗೆ ತೋರಿಸಿಯೇ ಕೊಡುವುದು. ಉಪ್ಪಳದವರೇ, ನಿಮ್ಮ ಅಪ್ಪನ ಸಹಿಯ ಸಂಗತಿ ಇಲ್ಲಿಗೇ ನಿಲ್ಲಬಾರದು. ಕನ್ನಡ ವಿಭಾಗದ ಹೊರಗಿನವರ ಲೇಖನ ಗ್ರಂಥದಲ್ಲಿ ಒಂದೂ ಇಲ್ಲ. ಎರಡು ಪುಟ ಸಾಕು, ಆ ತುಳು ಮಾತನ್ನು ಹಾಗೆಯೇ ಇಟ್ಟು ಕಳಿಸಿ.